ಕುಮಟೆಯಿಂದ ಭಟ್ಕಳಕ್ಕೆ ಟ್ರಾಮ್: ಒಂದು ಪ್ರಶ್ನೆಯ ಸುತ್ತಮುತ್ತ

ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಒಂದೇ ರಸ್ತೆಯ ಮೇಲಿನ ಊರುಗಳು. ಪೂರ್ವಕ್ಕೆ ಘಟ್ಟ, ಪಶ್ಚಿಮಕ್ಕೆ ಕಡಲು. ನಡುವೆ ಉಳಿದ ಸಪೂರ ನೆಲದಲ್ಲಿ ರಾಷ್ಟ್ರೀಯ ಹೆದ್ದಾರಿ 66, ಅದರ ಜೊತೆಜೊತೆಗೇ ಹೆಚ್ಚುಕಡಿಮೆ ಸಾಗುವ ಕೊಂಕಣ ರೈಲು. ತುದಿಯಿಂದ ತುದಿಗೆ ಸುಮಾರು 60 ಕಿ.ಮೀ. ಧಾರೇಶ್ವರ, ಹಳದೀಪುರ, ಕರ್ಕಿ, ಶರಾವತಿ ದಾಟಿದರೆ ಕಾಸರಕೋಡ, ಮುಂದೆ ಮಂಕಿ, ಬೈಲೂರು, ಮುರ್ಡೇಶ್ವರ, ಶಿರಾಲಿ. ಒಂದು ಊರು ಮುಗಿದು ಇನ್ನೊಂದು ಶುರುವಾಗುವ ಜಾಗವನ್ನು ಈಗ ಬೋರ್ಡು ನೋಡಿಯೇ ತಿಳಿಯಬೇಕು. ಭಟ್ಕಳವಂತೂ ಪುರಸಭೆಯ ಗಡಿ ದಾಟಿ ಜಾಲಿ, ಹೆಬಳೆ, ಮುಂಡಳ್ಳಿಗಳ ಕಡೆ ಹಬ್ಬಿದೆ. ಕೊಲ್ಲಿಯ ದುಡಿಮೆ ಅಲ್ಲಿ ಮನೆಯಾಗಿ, ಅಂಗಡಿ ಸಾಲಾಗಿ, ಕಾರಾಗಿ ನಿಂತಿದೆ.

ಇಂಥ ಜಾಗದಲ್ಲಿ ಟ್ರಾಮಿನ ಮಾತೆತ್ತಿದರೆ ನಗುವವರೇ ಹೆಚ್ಚು. ಟ್ರಾಮ್ ಎಂದರೆ ಕೋಲ್ಕತ್ತ, ಹಳೆಯ ಮುಂಬಯಿ, ಕಪ್ಪುಬಿಳುಪು ಸಿನಿಮಾ. ಆದರೆ ಬೆಲ್ಜಿಯಂ ದೇಶದ ಕಡಲಂಚಿನಲ್ಲಿ 1885ರಿಂದ ಒಂದು ಟ್ರಾಮ್ ಓಡುತ್ತಿದೆ. ಡೆ ಪಾನ್ನೆಯಿಂದ ಕ್ನೊಕ್ಕೆವರೆಗೆ 67 ಕಿ.ಮೀ.; ದಾರಿಯಲ್ಲಿ ಒಂದೂ ಮಹಾನಗರವಿಲ್ಲ. ಇರುವ ದೊಡ್ಡ ಊರು ಓಸ್ಟೆಂಡ್. ಮಿಕ್ಕವೆಲ್ಲ ಚಿಕ್ಕ ಪೇಟೆ, ಬೀಚು, ಮೀನುಗಾರಿಕೆಯ ಬಂದರು. ಅಳತೆಯಲ್ಲಾಗಲಿ ಊರುಗಳ ಜಾತಿಯಲ್ಲಾಗಲಿ ಅದು ನಮ್ಮ ಕುಮಟಾ–ಭಟ್ಕಳ ದಾರಿಗೆ ಹತ್ತಿರದ್ದೇ. ಹಾಗಾದರೆ ಅಲ್ಲಿ ಸಾಧ್ಯವಾದದ್ದು ಇಲ್ಲೇಕೆ ಸಾಧ್ಯವಿಲ್ಲ? ಅಥವಾ ಬೇರೆ ರೂಪದಲ್ಲಿ ಸಾಧ್ಯವಿದೆಯೇ? ಬೆಳೆಯುತ್ತಿರುವ ಊರುಗಳಿಗೆ ಯಾವ ಸಾರಿಗೆ ಎಂಬ ಜಗಳ ಹುಬ್ಬಳ್ಳಿ–ಧಾರವಾಡದಲ್ಲಿ ಬೀದಿಗೇ ಬಂದಿದೆ. ಆ ಜಗಳದ ಮಾತುಗಳನ್ನು ಕರಾವಳಿಗೆ ತಂದು ನೋಡುವುದು ಈ ಲೇಖನದ ಕೆಲಸ.

ಹಳಿ ತಡವಾಗಿ ಬಂದ ಕರಾವಳಿ

ಕುಮಟೆ ಒಂದು ಕಾಲಕ್ಕೆ ಹತ್ತಿಯ ಬಂದರು. ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಇಲ್ಲಿಂದ ಮುಂಬಯಿಗೆ ಹಡಗು ಹತ್ತುತ್ತಿತ್ತು. ಹತ್ತಿ ಪೇಟೆಯಲ್ಲಿ ‘ಕುಮ್ಟಾ’ ಎಂಬುದೇ ಒಂದು ಜಾತಿಯ ಹೆಸರಾಗಿತ್ತು. 19ನೇ ಶತಮಾನದ ಎರಡನೇ ಅರ್ಧದಲ್ಲಿ ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಎಂಬ ಮಾತು ಎದ್ದಿತು, ಬಿದ್ದಿತು. ಹಳಿ ಹೋದದ್ದು ಗೋವೆಯ ಮುರಗಾಂವಿಗೆ. ಹತ್ತಿಯೂ ಅದರ ಹಿಂದೆಯೇ ಹೋಯಿತು, ಕುಮಟೆಯ ಧಕ್ಕೆ ಮಂಕಾಯಿತು. ಹಳಿ ಎಲ್ಲಿ ಬೀಳುತ್ತದೋ ಊರು ಅಲ್ಲಿ ಬೆಳೆಯುತ್ತದೆ ಎಂಬ ವಾದವನ್ನು ಕುಮಟೆಯವರಿಗೆ ಪುಸ್ತಕ ತೆರೆದು ಕಲಿಸಬೇಕಾಗಿಲ್ಲ.

ಮುಂದಿನ ನೂರು ವರ್ಷ ದೋಣಿ, ಲಾಂಚು, ಬಸ್ಸು. ಆಚೆ ಶಿವಮೊಗ್ಗದ ಕಡೆಯಿಂದ ಹಳಿ 1940ರಲ್ಲಿ ತಾಳಗುಪ್ಪದವರೆಗೆ ಬಂದು ಘಟ್ಟದ ತಲೆಯ ಮೇಲೆ ನಿಂತಿತು. ಅಲ್ಲಿಂದ ಹೊನ್ನಾವರಕ್ಕೆ ಇಳಿಸಬೇಕೆಂಬ ಬೇಡಿಕೆ ಇಂದಿಗೂ ಬೇಡಿಕೆಯೇ. ಹುಬ್ಬಳ್ಳಿ–ಅಂಕೋಲಾ ಹಳಿಯ ಕಥೆ ಎಲ್ಲರಿಗೂ ಗೊತ್ತು: ದಶಕಗಳಿಂದ ಅರಣ್ಯದ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದೆ.

ಕೊಂಕಣ ರೈಲು ಬಂದದ್ದು ರಾಜಕೀಯದ ಅಪರೂಪದ ಯೋಗದಿಂದ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿ, ಕೊಂಕಣದ ಮಧು ದಂಡವತೆ ಹಣಕಾಸು ಮಂತ್ರಿ, ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆ ಯೋಜನಾ ಆಯೋಗದ ಉಪಾಧ್ಯಕ್ಷ. 1990ರಲ್ಲಿ ನಿಗಮ ಹುಟ್ಟಿತು, ಇ. ಶ್ರೀಧರನ್ ಅದರ ಹೊಣೆ ಹೊತ್ತರು, 1998ರಲ್ಲಿ ರೋಹಾದಿಂದ ಮಂಗಳೂರಿನವರೆಗೆ ಪೂರ್ತಿ ಹಳಿ ತೆರೆಯಿತು. ನಿಗಮ ಹುಟ್ಟಿದಾಗ ಅದರಲ್ಲಿ ಕರ್ನಾಟಕದ ಪಾಲು 15 ಪ್ರತಿಶತ. ಹೊನ್ನಾವರದಲ್ಲಿ ಶರಾವತಿಯ ಮೇಲೆ ನಿಂತ ಎರಡು ಕಿ.ಮೀ.ಗೂ ಉದ್ದದ ಸೇತುವೆ ಇಡೀ ಮಾರ್ಗದಲ್ಲೇ ದೊಡ್ಡದು. ಆದರೆ ಈ ರೈಲನ್ನು ಹಾಕಿದ್ದು ಮುಂಬಯಿ–ಮಂಗಳೂರು ದೂರವನ್ನು ಕಡಿಮೆ ಮಾಡಲು. ಹಳದೀಪುರದ ಹುಡುಗಿ ಹೊನ್ನಾವರದ ಕಾಲೇಜಿಗೆ ಹೋಗಲಿ ಎಂದು ಅದನ್ನು ಯಾರೂ ಹಾಕಲಿಲ್ಲ. ಮುಂದಿನ ವಾದಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಸಂಗತಿಯ ಸುತ್ತವೇ ತಿರುಗುತ್ತವೆ.

ಟ್ರಾಮ್ ಹೋದದ್ದು, ಮರಳಿದ್ದು

ಭಾರತದ ಮೊದಲ ವಿದ್ಯುತ್ ಟ್ರಾಮ್ 1895ರಲ್ಲಿ ಮದರಾಸಿನಲ್ಲಿ ಓಡಿತು, 1953ರಲ್ಲಿ ನಿಂತಿತು. ಮುಂಬಯಿಯ ಟ್ರಾಮ್ 1964ರ ಮಾರ್ಚ್ 31ರ ರಾತ್ರಿ ಕೊನೆಯ ಓಟ ಓಡಿತು. ಉಡುಪಿ, ಕುಂದಾಪುರ, ಕುಮಟೆಗಳಿಂದ ಹೋಗಿ ಹೋಟೆಲು ಸೇರಿದ ಒಂದು ತಲೆಮಾರಿಗೆ ಅದು ದಿನದ ವಾಹನವಾಗಿತ್ತು. ಕೋಲ್ಕತ್ತದಲ್ಲಿ 1873ರಲ್ಲಿ ಕುದುರೆ ಎಳೆದ ಗಾಡಿಯಿಂದ ಶುರುವಾದದ್ದನ್ನು ಮೈದಾನದ ಪಾರಂಪರಿಕ ತುಂಡೊಂದನ್ನು ಬಿಟ್ಟು ನಿಲ್ಲಿಸುವುದಾಗಿ ಅಲ್ಲಿನ ಸರ್ಕಾರ 2024ರಲ್ಲಿ ಹೇಳಿತು. ಮೈಸೂರು ಸೀಮೆಗೆ ನಗರದ ಟ್ರಾಮ್ ಬರಲೇ ಇಲ್ಲ. ತರೀಕೆರೆ–ನರಸಿಂಹರಾಜಪುರದಂಥ ಕಿರುಹಳಿಗಳು ಮಲೆನಾಡಿನ ಸರಕು ಹೊತ್ತು ಕಾಲ ಮುಗಿಸಿದವು.

ಇಲ್ಲಿ ಕಿತ್ತು ಹಾಕಿದ ಮೇಲೆ ಫ್ರಾನ್ಸ್ ಮರಳಿ ಹಾಕತೊಡಗಿತು. ನಾಂತ್ 1985ರಲ್ಲಿ, ಗ್ರೆನೋಬಲ್ 1987ರಲ್ಲಿ, ಸ್ಟ್ರಾಸ್‌ಬರ್ಗ್ 1994ರಲ್ಲಿ. ಭಟ್ಕಳದ ಎಷ್ಟೋ ಮನೆಗಳಿಗೆ ಪರಿಚಿತವಾದ ದುಬೈಯಲ್ಲಿ 2014ರ ನವೆಂಬರ್‌ನಲ್ಲಿ ಟ್ರಾಮ್ ಶುರುವಾಯಿತು: 10.6 ಕಿ.ಮೀ., ತಲೆಯ ಮೇಲೆ ತಂತಿಯಿಲ್ಲ, ಕರೆಂಟು ನೆಲದೊಳಗಿಂದ. ಭಟ್ಕಳದ ನವಾಯತ ಮುಸ್ಲಿಮರ ಮನೆಯೊಂದರಲ್ಲಿ ಟ್ರಾಮ್ ಎಂದರೆ ಹಿರಿಯರಿಗೆ ಹಳೆಯ ಮುಂಬಯಿ, ಮೊಮ್ಮಕ್ಕಳಿಗೆ ಹೊಸ ದುಬೈ ನೆನಪಾಗಬಹುದು.

ಹಳಿಯೇ ಬೇಕು ಎನ್ನುವ ಪಕ್ಷ

ಈ ಪಕ್ಷದ ಮೊದಲ ಮಾತು ಭೌತಶಾಸ್ತ್ರ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳಲು ಟೈರಿಗಿಂತ ಬಹಳ ಕಡಿಮೆ ಶಕ್ತಿ ಸಾಕು. ಟೈರು ಸವೆದು ಗಾಳಿಗೆ, ಗಟಾರಕ್ಕೆ, ಕೊನೆಗೆ ಕಡಲಿಗೆ ಸೇರುವ ಪುಡಿಯೂ ಇಲ್ಲ. ಒಂದು ಸಾಮಾನ್ಯ ಟ್ರಾಮ್ ಇನ್ನೂರಕ್ಕೂ ಹೆಚ್ಚು ಜನರನ್ನು ಹೊರುತ್ತದೆ, ಅದೂ ಒಬ್ಬನೇ ಚಾಲಕನೊಂದಿಗೆ.

ಎರಡನೆಯ ಮಾತು ಇನ್ನೂ ಗಟ್ಟಿಯಾದದ್ದು. ಬಸ್ಸಿನ ಮಾರ್ಗ ಇವತ್ತಿದ್ದು ನಾಳೆ ರದ್ದಾಗಬಹುದು, ಹಳಿ ಹಾಗಲ್ಲ. ಅದನ್ನು ನಂಬಿ ಮನೆ ಕಟ್ಟಬಹುದು, ಅಂಗಡಿ ತೆರೆಯಬಹುದು, ಕಾಲೇಜು ಕಟ್ಟಬಹುದು. ಸ್ಟ್ರಾಸ್‌ಬರ್ಗ್ ಊರ ನಡುವಿನ ಬೀದಿಗಳಿಂದ ಕಾರನ್ನು ಹೊರಗಿಟ್ಟು ಆ ಜಾಗವನ್ನು ನಡೆಯುವವರಿಗೂ ಟ್ರಾಮಿಗೂ ಕೊಟ್ಟಿತು. ಹಳಿಯ ಪಕ್ಷ ಚೆನ್ನಾಗಿ ವಿವರಿಸುವುದು ಇದನ್ನೇ: ಊರಿನ ಆಕಾರವನ್ನು ಸಾರಿಗೆ ಹೇಗೆ ಬದಲಿಸುತ್ತದೆ ಎಂಬುದನ್ನು. ಹೆದ್ದಾರಿಯುದ್ದಕ್ಕೂ ಅಡ್ಡಾದಿಡ್ಡಿ ಎದ್ದು, ಕಡಲ ನೀರು ನುಗ್ಗುವ ಗಜನಿ ಭೂಮಿಗೂ ಗದ್ದೆಗೂ ಮಣ್ಣು ತುಂಬಿಸುತ್ತಿರುವ ನಮ್ಮ ಕಟ್ಟಡಗಳನ್ನು ನೋಡಿದರೆ, ನಿಲ್ದಾಣಗಳ ಸುತ್ತ ಒತ್ತಾಗಿ ಬೆಳೆಯುವ ಊರು ಎಂಬ ಕಲ್ಪನೆ ಕರಾವಳಿಗೆ ಇಷ್ಟವಾಗಬೇಕಾದದ್ದೇ.

ಆದರೆ ಲೆಕ್ಕ ಇವರನ್ನು ಕಾಡುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ‘ಮೆಟ್ರೊಲೈಟ್’ ಎಂಬ ಹೆಸರಿನಲ್ಲಿ ಹಗುರ ಹಳಿಯ ಮಾನದಂಡ ಪ್ರಕಟಿಸಿತು. ತಾಸಿಗೆ ಒಂದು ದಿಕ್ಕಿನಲ್ಲಿ 15,000 ಪ್ರಯಾಣಿಕರವರೆಗಿನ ದಾರಿಗಳಿಗೆ ಅದು. 2011ರ ಜನಗಣತಿಯಲ್ಲಿ ಹೊನ್ನಾವರ ಪಟ್ಟಣದ ಒಟ್ಟು ಜನಸಂಖ್ಯೆ 20 ಸಾವಿರವನ್ನೂ ಮುಟ್ಟಿರಲಿಲ್ಲ. ಕೂಸು ಮುದುಕರೆಲ್ಲ ಒಂದೇ ತಾಸಿನಲ್ಲಿ ಭಟ್ಕಳಕ್ಕೆ ಹೊರಟರೆ ಮಾತ್ರ ಆ ಗಾಡಿ ತುಂಬೀತು! ದೊಡ್ಡ ಊರುಗಳಲ್ಲೂ ಕಥೆ ಸುಲಭವಾಗಿಲ್ಲ. ಕೋಯಿಕ್ಕೋಡ್ ಮತ್ತು ತಿರುವನಂತಪುರದ ಲೈಟ್ ಮೆಟ್ರೊ ಯೋಜನೆಗಳಿಂದ 2018ರಲ್ಲಿ ದೆಹಲಿ ಮೆಟ್ರೊ ನಿಗಮ ಹಿಂದೆ ಸರಿಯಿತು. ಅದನ್ನು ಘೋಷಿಸಿದವರು ಕೊಂಕಣ ರೈಲು ಕಟ್ಟಿದ ಅದೇ ಶ್ರೀಧರನ್. ಹೊರದೇಶದಲ್ಲಿ ಎಡಿನ್‌ಬರೋ ಇನ್ನೊಂದು ಎಚ್ಚರಿಕೆ. ಬೀದಿ ಅಗೆದಾಗ ಕೆಳಗಿನ ನೀರಿನ ಕೊಳವೆ, ಕೇಬಲ್ಲುಗಳನ್ನು ಸರಿಸುವುದರಲ್ಲೇ ವರ್ಷಗಳು ಕಳೆದು, ಮೊದಲು ಹೇಳಿದ್ದಕ್ಕಿಂತ ಚಿಕ್ಕದಾದ ಮಾರ್ಗ 2014ರಲ್ಲಿ ತಡವಾಗಿ ತೆರೆಯಿತು. ಖರ್ಚು 77 ಕೋಟಿ ಪೌಂಡ್ ದಾಟಿತು. ಭಟ್ಕಳದ ಒಳಚರಂಡಿಯ ಪಾಡು ಬಲ್ಲವರಿಗೆ ಆ ಬೀದಿಯ ಕೆಳಗೆ ಏನಿರಬಹುದೆಂದು ವಿವರಿಸಬೇಕಿಲ್ಲ.

ಬಸ್ಸು ಸಾಕು ಎನ್ನುವ ಪಕ್ಷ

ಬ್ರೆಜಿಲಿನ ಕುರಿಚಿಬಾ 1974ರಲ್ಲಿ ಬಸ್ಸಿಗೇ ಬೇರೆ ದಾರಿ ಕೊಟ್ಟು, ಹಳಿಯಿಲ್ಲದೆ ಹಳಿಯ ವೇಗ ಪಡೆಯಬಹುದೆಂದು ತೋರಿಸಿತು. ಬೊಗೊಟಾ, ಅಹಮದಾಬಾದ್ ಹಿಂಬಾಲಿಸಿದವು. ಕರ್ನಾಟಕದಲ್ಲಿ ಆ ಪ್ರಯೋಗ ನಡೆದದ್ದು ಹುಬ್ಬಳ್ಳಿ–ಧಾರವಾಡದ ನಡುವೆ: ಸುಮಾರು 22 ಕಿ.ಮೀ. ಪ್ರತ್ಯೇಕ ಪಥ, 2018ರ ಅಕ್ಟೋಬರ್‌ನಲ್ಲಿ ಓಡಾಟ ಶುರು, ಹವಾನಿಯಂತ್ರಿತ ಬಸ್ಸುಗಳಿಗೆ ‘ಚಿಗರಿ’ ಎಂಬ ಚೆಂದದ ಹೆಸರು. ನಮ್ಮ ಕರಾವಳಿಯ ಬಸ್ಸುಗಳನ್ನೂ ನಡೆಸುವುದು ಅದೇ ಹುಬ್ಬಳ್ಳಿಯಲ್ಲಿ ಕೂತ ವಾಯವ್ಯ ಸಾರಿಗೆ ಸಂಸ್ಥೆ. ಹಾಗಾಗಿ ಆ ಪ್ರಯೋಗ ನಮಗೆ ಪರರದ್ದಲ್ಲ.

ಚಿಗರಿ ಜನರನ್ನು ಹೊತ್ತಿತು, ಈಗಲೂ ಹೊರುತ್ತಿದೆ. ಆದರೆ ಪಕ್ಕದ ಕಿರಿದಾದ ಪಥದಲ್ಲಿ ಸಿಕ್ಕಿಬಿದ್ದ ಉಳಿದ ವಾಹನಗಳವರು, ವಿಶೇಷವಾಗಿ ಧಾರವಾಡದವರು, ಖಾಲಿ ಕಾಣುವ ನಡುಪಥವನ್ನು ದಿನಾ ನೋಡಿ ಸಿಟ್ಟಾದರು. ಪಥವನ್ನು ಎಲ್ಲರಿಗೂ ಬಿಡಿ ಎಂಬ ಕೂಗೆದ್ದಿತು. ದೆಹಲಿಯಲ್ಲಿ 2008ರಲ್ಲಿ ಹಾಕಿದ ಬಸ್ ಪಥವನ್ನು ಹೀಗೆಯೇ ಕೂಗಿ ಕೂಗಿ ಕೆಲವೇ ವರ್ಷಗಳಲ್ಲಿ ಕೆಡವಿಸಿದ್ದರು. ಈಗ ಹುಬ್ಬಳ್ಳಿ–ಧಾರವಾಡದಲ್ಲಿ ಹೊಸ ಮಾತು: ಚಿಗರಿಯ ಜಾಗದಲ್ಲಿ ಟ್ರಾಮಿನಂತೆ ಕಾಣುವ, ಟೈರಿನ ಮೇಲೆ ಓಡುವ ಉದ್ದನೆಯ ವಿದ್ಯುತ್ ಬಸ್ಸು. ಧಾರವಾಡ ಜಿಲ್ಲಾ ಉಸ್ತುವಾರಿ ಸಚಿವ ಸಂತೋಷ್ ಲಾಡ್ ಅದರ ಪರ ಮಾತನಾಡಿದ್ದಾರೆ. ನನಗನ್ನಿಸುವಂತೆ ಗಾಡಿ ಬದಲಿಸಿದರೆ ಪಥದ ಜಗಳ ಬಗೆಹರಿಯುವುದಿಲ್ಲ. ಆ ನಡುಪಥ ಬಸ್ಸಿನ ಹಕ್ಕು ಎಂಬುದನ್ನು ಊರು ಒಪ್ಪಿಕೊಂಡಿಲ್ಲ, ರೋಗ ಇರುವುದು ಅಲ್ಲಿ.

ಕುಮಟಾ–ಭಟ್ಕಳದಲ್ಲಿ ಈ ಪಕ್ಷಕ್ಕೆ ಇನ್ನೂ ಬಲವಿದೆ. ಇಲ್ಲಿ ಜನ ಓಡಾಡುವುದು ಬಸ್ಸಿನಲ್ಲಿ ಮತ್ತು ಟೆಂಪೋದಲ್ಲಿ. ಟೆಂಪೋ ಕೈ ತೋರಿಸಿದಲ್ಲಿ ನಿಲ್ಲುತ್ತದೆ, ಮೀನಿನ ಬುಟ್ಟಿಯನ್ನು ಹತ್ತಿಸಿಕೊಳ್ಳುತ್ತದೆ, ಶಾಲೆ ಬಿಡುವ ಹೊತ್ತು ಅದಕ್ಕೆ ಬಾಯಿಪಾಠ. ಯಾವ ಯೋಜನಾ ವರದಿಯಲ್ಲೂ ಅದಕ್ಕೆ ಗೌರವದ ಜಾಗ ಸಿಗುವುದಿಲ್ಲ, ಅದು ಬೇರೆ ಮಾತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಟೆಂಪೋಗೆ ದುಡ್ಡು, ರೈಲಿಗೆ ದುಡ್ಡು. ನಾಳೆ ಟ್ರಾಮ್ ಬಂದರೆ ಅದರ ಟಿಕೆಟ್ಟು ಪೈಪೋಟಿ ಮಾಡಬೇಕಾದದ್ದು ಸೊನ್ನೆಯ ಜೊತೆ. ಸಾರಿಗೆಯ ಯಾವ ಲೆಕ್ಕವೂ ಈ ಸೊನ್ನೆಯನ್ನು ದಾಟಿ ಹೋಗಲಾರದು.

ಇರುವ ಹಳಿಯನ್ನೇ ಬಳಸಿ ಎನ್ನುವ ಪಕ್ಷ

ಮೂರನೆಯ ಪಕ್ಷಕ್ಕೆ ಹೆಚ್ಚು ಗದ್ದಲವಿಲ್ಲ, ಆದರೆ ಕರಾವಳಿಗೆ ಅದರ ಮಾತೇ ಹೆಚ್ಚು ತಾಗುವಂಥದ್ದು. ಜರ್ಮನಿಯ ಕಾರ್ಲ್‌ಸ್ರೂಹೆ ನಗರ 1992ರಲ್ಲಿ ಒಂದು ಕೆಲಸ ಮಾಡಿತು: ಊರೊಳಗಿನ ಟ್ರಾಮನ್ನೇ ರೈಲ್ವೆಯ ಮುಖ್ಯ ಹಳಿಗೆ ಹತ್ತಿಸಿ ಬ್ರೆಟ್ಟನ್ ಎಂಬ ಊರಿಗೆ ಓಡಿಸಿತು. ಎಕ್ಸ್‌ಪ್ರೆಸ್ಸು, ಗೂಡ್ಸುಗಳ ಜೊತೆ ಅದೇ ಹಳಿ. ಊರು ಬಂದಾಗ ಬೀದಿಗಿಳಿದು ಪೇಟೆಯ ನಡುವೆ ನಿಲ್ಲುವುದು. ಪ್ರಯಾಣಿಕರು ಹಲವು ಪಟ್ಟು ಹೆಚ್ಚಿದರು.

ನಮ್ಮಲ್ಲಿ ಏನಿದೆ ನೋಡಿ. ಕುಮಟಾ, ಹೊನ್ನಾವರ, ಮಂಕಿ, ಮುರ್ಡೇಶ್ವರ, ಚಿತ್ರಾಪುರ, ಭಟ್ಕಳ ಎಂದು ಆರು ನಿಲ್ದಾಣ. ಹಳಿ ಇದೆ, ನೆಲ ಸ್ವಾಧೀನ ಮುಗಿದು ಮೂರು ದಶಕವಾಗಿದೆ. 2022ರ ಜೂನ್ 20ರಂದು ಕೊಂಕಣ ರೈಲಿನ ಪೂರ್ಣ ವಿದ್ಯುದೀಕರಣವನ್ನು ಪ್ರಧಾನಿ ಬೆಂಗಳೂರಿನಲ್ಲಿ ದೇಶಕ್ಕೆ ಅರ್ಪಿಸಿದರು. ಅದೇ ದಿನ ಅವರೇ ಬೆಂಗಳೂರಿನ 148 ಕಿ.ಮೀ. ಉಪನಗರ ರೈಲಿಗೂ ಅಡಿಗಲ್ಲು ಇಟ್ಟರು. ರಾಜಧಾನಿಗೆ ಇರುವ ಹಳಿಯ ಪಕ್ಕದಲ್ಲೇ ಲೋಕಲ್ ರೈಲು ಬೇಕೆಂದಾದರೆ ಕರಾವಳಿಗೆ ಏಕೆ ಬೇಡ ಎಂದು ಆ ದಿನ ಯಾರಾದರೂ ಕೇಳಬೇಕಿತ್ತು. ವಿದ್ಯುತ್ ಹಳಿಯ ಮೇಲೆ ಮೆಮು ಎಂಬ ಲೋಕಲ್ ಗಾಡಿ ಓಡಿಸಬಹುದು. ಅದು ಬೇಗ ವೇಗ ಪಡೆಯುತ್ತದೆ, ಬೇಗ ನಿಲ್ಲುತ್ತದೆ. ಹಾಗಾಗಿ ಹಳದೀಪುರ, ಕಾಸರಕೋಡಗಳಲ್ಲಿ ಹೊಸ ತಂಗುದಾಣ ಕೊಟ್ಟರೂ ಸಮಯ ಹೆಚ್ಚು ಹಾಳಾಗದು.

ರೈಲ್ವೆಯ ಕಡೆಯ ತೊಡಕು ಒಂದೇ, ಆದರೆ ದೊಡ್ಡದು. ಇಲ್ಲಿರುವುದು ಒಂಟಿ ಹಳಿ. ಇಡೀ ಕೊಂಕಣ ಮಾರ್ಗದಲ್ಲಿ ಜೋಡಿಯಾದದ್ದು ಉತ್ತರ ತುದಿಯ ರೋಹಾ–ವೀರ್ ನಡುವಿನ ತುಂಡು ಮಾತ್ರ. ಎದುರು ಗಾಡಿಗೆ ದಾರಿ ಬಿಡಲು ಪ್ಯಾಸೆಂಜರ್ ಗಾಡಿ ನಿಲ್ದಾಣದಲ್ಲಿ ಕಾಯುತ್ತ ಕೂರುವುದು ಇಲ್ಲಿ ಮಾಮೂಲು. 2023ರ ಕೊನೆಯಲ್ಲಿ ಮಂಗಳೂರು–ಮಡಗಾಂವ್ ವಂದೇ ಭಾರತ್ ಬಂದ ಮೇಲೆ ಹಳಿಯ ಮೇಲಿನ ದೊಡ್ಡವರ ಸಾಲಿಗೆ ಇನ್ನೊಬ್ಬರು ಸೇರಿದಂತಾಯಿತು. ಜೋಡಿ ಹಳಿ ಹಾಕಬೇಕೆಂದರೆ ಶರಾವತಿಗೆ ಎರಡು ಕಿ.ಮೀ. ಉದ್ದದ ಇನ್ನೊಂದು ಸೇತುವೆ ಬೇಕು, ಸುರಂಗಗಳಿಗೆ ಜೊತೆ ಸುರಂಗ ಬೇಕು. ಅಷ್ಟು ಮಾಡದೆಯೂ ಎರಡು ನಿಲ್ದಾಣಗಳ ನಡುವೆ ಗಾಡಿಗಳು ಪರಸ್ಪರ ದಾಟಲು ಹೆಚ್ಚಿನ ಹಳಿತುಂಡು ಕೊಟ್ಟು ಬೆಳಿಗ್ಗೆ–ಸಂಜೆ ಕೆಲವು ಲೋಕಲ್ ಓಡಿಸಬಹುದು ಎಂಬುದು ಈ ಪಕ್ಷದ ಸಾಧಾರಣ ಬೇಡಿಕೆ.

ಇನ್ನೊಂದು ತೊಡಕು ರೈಲ್ವೆಯದ್ದಲ್ಲ, ಊರಿನದ್ದು. ಹಳಿಯನ್ನು ಹಾಕಿದ್ದು ಪೇಟೆಯಿಂದ ಹೊರಗೆ, ಗುಡ್ಡದ ಬದಿಗೆ. ನಿಲ್ದಾಣಕ್ಕೆ ಹೋಗಲು ಆಟೊ ಬೇಕು, ಆ ಆಟೊ ಬಾಡಿಗೆ ಹಲವು ಸಲ ರೈಲಿನ ಟಿಕೆಟ್ಟಿಗಿಂತ ಜಾಸ್ತಿ. ಕಾರ್ಲ್‌ಸ್ರೂಹೆಯ ಜಾಣತನ ಇದ್ದದ್ದು ಇಲ್ಲೇ: ರೈಲನ್ನು ಪೇಟೆಗೆ ತಂದದ್ದು. ನಮ್ಮಲ್ಲಿ ಅಗಲ ಹಳಿ, ಎತ್ತರದ ಪ್ಲಾಟ್‌ಫಾರ್ಮು, 25,000 ವೋಲ್ಟಿನ ತಂತಿ. ಆ ಗಾಡಿಯನ್ನು ಭಟ್ಕಳದ ಬೀದಿಗಿಳಿಸುವುದು ಸದ್ಯಕ್ಕೆ ಯಾರ ಕೈಲೂ ಆಗದ ಕೆಲಸ. ರೈಲು ಬರುವ ಹೊತ್ತಿಗೆ ಹೊರಡುವ ಚಿಕ್ಕ ವಿದ್ಯುತ್ ಬಸ್ಸೊಂದನ್ನು ಪ್ರತಿ ನಿಲ್ದಾಣಕ್ಕೆ ಕಟ್ಟಿಹಾಕಿದರೆ ಅರ್ಧ ಕಾರ್ಲ್‌ಸ್ರೂಹೆ ಆದೀತು. ಈ ಮೂರು ಪಕ್ಷಗಳಲ್ಲಿ ನನ್ನ ಒಲವು ಇಲ್ಲಿಗೇ. ಟ್ರಾಮಿನ ದೊಡ್ಡ ಗುಣ ಅದರ ಕದಲದ ಹಳಿ ಎನ್ನುವುದಾದರೆ ಆ ಹಳಿ ಇಲ್ಲಿ ಆಗಲೇ ಬಿದ್ದಿದೆ.

ಹಸಿರು, ಯಾರ ಹಸಿರು

ವಿದ್ಯುತ್ತಿನಲ್ಲಿ ಓಡುವುದೆಲ್ಲ ಪರಿಸರಸ್ನೇಹಿ ಎಂದು ಬೆಂಗಳೂರಿನಲ್ಲಿ ಹೇಳಿದರೆ ತಲೆ ಆಡಿಸಬಹುದು. ಉತ್ತರ ಕನ್ನಡದಲ್ಲಿ ಹೇಳಿದರೆ ಜನ ಮುಖ ನೋಡುತ್ತಾರೆ. ಈ ಜಿಲ್ಲೆ ಕೈಗಾದಲ್ಲಿ 880 ಮೆಗಾವ್ಯಾಟ್ ಅಣುವಿದ್ಯುತ್ ಕೊಡುತ್ತದೆ. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪದಲ್ಲೇ 240 ಮೆಗಾವ್ಯಾಟ್ ಜಲವಿದ್ಯುತ್ ಕೇಂದ್ರವಿದೆ. ಈಗ ಅದೇ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಬರುತ್ತಿದೆ, ಹಸಿರು ಶಕ್ತಿಯ ಹೆಸರಿನಲ್ಲೇ. ಕಾಡು ಮತ್ತು ಸಿಂಗಳೀಕದ ನೆಲೆ ಹೋಗುತ್ತದೆಂದು ಅದಕ್ಕೆ ಶಿವಮೊಗ್ಗ, ಉತ್ತರ ಕನ್ನಡ ಎರಡೂ ಜಿಲ್ಲೆಗಳಲ್ಲಿ ವಿರೋಧವಿದೆ. ಟ್ರಾಮಿನ ಕರೆಂಟಿಗೂ ಒಂದು ಮೂಲವಿದೆ, ಆ ಮೂಲದಲ್ಲಿ ಮುಳುಗಿದ ಊರುಗಳಿವೆ ಎಂಬುದನ್ನು ಇಲ್ಲಿ ಮರೆತು ಮಾತಾಡಲಾಗದು.

ಕಾಂಕ್ರೀಟು ಮತ್ತು ಉಕ್ಕಿನ ಲೆಕ್ಕವೂ ಇದೆ. ಹಳಿಯ ಹಾಸು ಹಾಕುವಾಗ ಗಾಳಿಗೆ ಸೇರುವ ಇಂಗಾಲವನ್ನು ತೀರಿಸಲು ಗಾಡಿ ತುಂಬಿ ಓಡಬೇಕು, ವರ್ಷಗಟ್ಟಲೆ. ಖಾಲಿ ಟ್ರಾಮಿಗಿಂತ ತುಂಬಿದ ಡೀಸೆಲ್ ಟೆಂಪೋ ಮೇಲು ಎಂಬ ಮಾತು ಕೇಳಲು ಕಹಿ, ಆದರೆ ಸುಳ್ಳಲ್ಲ. ಇಥಿಯೋಪಿಯಾದ ಅಡಿಸ್ ಅಬಾಬಾ 2015ರಲ್ಲಿ ತೆರೆದ ಹಗುರ ರೈಲು ಬಿಡಿಭಾಗಗಳಿಲ್ಲದೆ ಕೆಲವೇ ವರ್ಷಗಳಲ್ಲಿ ಸೊರಗಿತು, ಬಹಳಷ್ಟು ಗಾಡಿಗಳು ನಿಂತಲ್ಲೇ ನಿಂತವು. ಕಟ್ಟಲು ಸಾಲ ಸಿಗುತ್ತದೆ, ದುರಸ್ತಿಗೆ ಸಿಗುವುದಿಲ್ಲ.

ಮಳೆಯ ವಿಷಯದಲ್ಲಿ ಮಾತ್ರ ಬೆಲ್ಜಿಯಂ ನಮಗೆ ಏನನ್ನೂ ಕಲಿಸಲಾರದು. ಕೊಂಕಣ ರೈಲಿಗೆ ಮಳೆಗಾಲದ ಬೇರೆಯದೇ ವೇಳಾಪಟ್ಟಿಯಿದೆ. ವೇಗ ತಗ್ಗಿಸಿ, ಹಳಿ ಕಾಯುವವರನ್ನು ನಿಲ್ಲಿಸಿ ಓಡಿಸುತ್ತಾರೆ. 2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಧರೆ ಕುಸಿದು ನಾಲ್ವರು ಸತ್ತರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು, ದಾರಿ ದಿನಗಟ್ಟಲೆ ಮುಚ್ಚಿತು. ಚತುಷ್ಪಥಕ್ಕಾಗಿ ಗುಡ್ಡದ ಬುಡ ಕಡಿದ ಮೇಲೆ, ಇನ್ನೊಂದು ಪಥಕ್ಕಾಗಿ ಇನ್ನಷ್ಟು ಕಡಿಯಿರಿ ಎನ್ನಲು ಯಾರಿಗೂ ಬಾಯಿ ಬಾರದು.

ತೀರ್ಮಾನವಾಗದೆ ಉಳಿದದ್ದು

ಮೊದಲನೆಯದು, ಕೇಳುವವರು ಯಾರು ಎಂಬುದು. ಹುಬ್ಬಳ್ಳಿ–ಧಾರವಾಡಕ್ಕೆ ಒಂದೇ ಮಹಾನಗರ ಪಾಲಿಕೆಯಿತ್ತು, ಬಸ್ ಪಥಕ್ಕೆಂದೇ ಒಂದು ಕಂಪನಿಯಿತ್ತು. ಕುಮಟೆಯಿಂದ ಭಟ್ಕಳದವರೆಗೆ ಪುರಸಭೆ, ಪಟ್ಟಣ ಪಂಚಾಯತಿ, ಗ್ರಾಮ ಪಂಚಾಯತಿಗಳ ಸಾಲೇ ಇದೆ. ಮೂರು ತಾಲ್ಲೂಕನ್ನು ಒಂದೇ ಊರೆಂದು ನೋಡುವ ಕಚೇರಿ ಇಲ್ಲ. ಮೂರೂ ತಾಲ್ಲೂಕುಗಳನ್ನು ಕೂಡಿಸಿದರೆ ಜನಸಂಖ್ಯೆ ನಾಲ್ಕೂವರೆ ಲಕ್ಷ ದಾಟುತ್ತದೆ. ಆ ಸಂಖ್ಯೆ ನಗರದ್ದು, ಆಡಳಿತ ಮಾತ್ರ ಹಳ್ಳಿಯದ್ದು.

ಎರಡನೆಯದು ಕೊಂಕಣ ರೈಲ್ವೆಯ ಭವಿಷ್ಯ. ನಿಗಮವನ್ನು ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡಲು 2025ರಲ್ಲಿ ಮಹಾರಾಷ್ಟ್ರವೂ ಒಪ್ಪಿಗೆ ಕೊಟ್ಟಿತು. ವಿಲೀನವಾದರೆ ಜೋಡಿ ಹಳಿಗೆ ಕೇಂದ್ರದ ಹಣ ಸಿಗಬಹುದು ಎಂಬುದು ಆಶೆ. ಆದರೆ ಈಗ ಪಾಲುದಾರನಾಗಿರುವ ಕರ್ನಾಟಕ ಆಮೇಲೆ ಯಾವ ಹಕ್ಕಿನಿಂದ ಲೋಕಲ್ ಗಾಡಿ ಕೇಳಬೇಕು, ಕರಾವಳಿ ಯಾವ ವಲಯದ ಕೈಗೆ ಬೀಳುತ್ತದೆ, ಇವೆರಡೂ ಇನ್ನೂ ಚರ್ಚೆಯಲ್ಲೇ ಇವೆ. ಶಕ್ತಿಯ ಉಚಿತ ಟಿಕೆಟ್ಟು ರೈಲಿಗೂ ಬಂದರೆ ಅದರ ಹಣವನ್ನು ರಾಜ್ಯ ಕೇಂದ್ರಕ್ಕೆ ಕೊಡುತ್ತದೆಯೇ ಎಂಬ ಪ್ರಶ್ನೆಯೂ ಇದರ ಜೊತೆಗೇ ಅಂಟಿಕೊಂಡಿದೆ.

ಮೂರನೆಯದನ್ನು ಯಾವ ಪಕ್ಷವೂ ಸರಿಯಾಗಿ ಎತ್ತಿಕೊಂಡಿಲ್ಲ. ಸಾರಿಗೆ ಯೋಜಕರ ಲೆಕ್ಕಗಳೆಲ್ಲ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಸಂಜೆ ಆರಕ್ಕೆ ಬರುವವರ ಮೇಲೆ ನಿಂತಿವೆ. ಇಲ್ಲಿ ನಸುಕಿಗೆ ಧಕ್ಕೆಗೆ ಹೋಗಿ ಮೀನು ಕೊಂಡು ಹತ್ತಕ್ಕೆ ಒಳನಾಡಿನ ಊರಿಗೆ ಮಾರಲು ಹೋಗುವ ಹೆಂಗಸರಿದ್ದಾರೆ, ಸೀಸನ್ನಿನಲ್ಲಿ ಮಾತ್ರ ತುಂಬುವ ಮುರ್ಡೇಶ್ವರ, ಗೋಕರ್ಣಗಳಿವೆ, ವರ್ಷಕ್ಕೊಮ್ಮೆ ಕೊಲ್ಲಿಯಿಂದ ಬಂದು ತಿಂಗಳಿಡೀ ಊರು ತುಂಬುವ ಮನೆಗಳಿವೆ. ಇವರ ಓಡಾಟವನ್ನು ಎಣಿಸಿದ ಮೇಲೆಯೇ ಗಾಡಿಗೆ ಎಷ್ಟು ಸೀಟು, ಎಷ್ಟು ಹೊತ್ತಿಗೊಂದು, ಬುಟ್ಟಿ ಇಡಲು ಎಷ್ಟು ಜಾಗ ಎಂಬ ಮಾತು. ಆ ಎಣಿಕೆಗೆ ದುಡ್ಡು ಕೊಡಬೇಕಾದವರು ರಾಜ್ಯವೋ, ರೈಲ್ವೆಯೋ, ಪುರಸಭೆಗಳೋ ಎಂಬುದೇ ಮೊದಲು ಇತ್ಯರ್ಥವಾಗಬೇಕು.